ಹೆಸರು ಸಿಕ್ಕ ಬೇನೆ

ಮೈಸೂರು ಸೀಮೆಯವರಿಗೆ ತಿಂಡಿ ಎಂದರೆ ಬೆಳಗಿನ ಇಡ್ಲಿ, ಉಪ್ಪಿಟ್ಟು. ಬಾಗಲಕೋಟೆ ಕಡೆಯ ನಮಗೆ ತಿಂಡಿ ಎಂದರೆ ತುರಿಕೆ. ಬೆಂಗಳೂರಿನಿಂದ ಬಂದ ಬೀಗರು 'ತಿಂಡಿ ಆಯ್ತಾ?' ಎಂದು ಕೇಳಿದಾಗ ನಮ್ಮ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಚ್ಚಿ ನಗುವುದು ಹಳೆಯ ವಿನೋದ. ಆದರೆ ಅದೇ ತಿಂಡಿ ತೊಡೆಗಳ ಸಂದಿನಲ್ಲಿ, ಮೂತ್ರದ ಜಾಗದ ಸುತ್ತ ಶುರುವಾದರೆ ನಗುವೂ ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ. ಆ ಅಂಗಕ್ಕೆ ನಮ್ಮ ಮನೆಗಳಲ್ಲಿ ಹೆಸರೇ ಇಲ್ಲ. 'ಅಲ್ಲೆ', 'ಕೆಳಗ', 'ಹೇಳಬಾರದ ಜಾಗ' ಎನ್ನುತ್ತೇವೆ. ಹಿರಿಯರು 'ಮಾನ' ಎಂದುಬಿಡುತ್ತಿದ್ದರು. ಅಂಗವೇ ಮಾನವಾದ ಮೇಲೆ ಅದಕ್ಕೆ ಬಂದ ಬೇನೆ ಅವಮಾನವಾಗದೆ ಇನ್ನೇನಾದೀತು?

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವಳು. ತವರು ಬಾದಾಮಿ, ಗಂಡನ ಮನೆ ಇಳಕಲ್ಲು, ನೌಕರಿಯ ಬಹುಭಾಗ ಹುನಗುಂದದ ಕಡೆ ಕಳೆದಿದೆ. ಯಾವ ಸಂಗತಿಗೂ ಇಸವಿ ಹುಡುಕುವುದು ನನ್ನ ಉದ್ಯೋಗದ ಚಾಳಿ. ನನ್ನ ಮೈಗೆ ಬಂದ ಬೇನೆಯೊಂದಕ್ಕೂ ಹಾಗೆಯೇ ಇಸವಿಗಳನ್ನು ಹುಡುಕಿದೆ. ಆ ಬೇನೆಗೆ ವೈದ್ಯರು ಹೇಳುವ ಹೆಸರು ಲೈಕೆನ್ ಸ್ಕ್ಲೆರೋಸಸ್. ಹೆಣ್ಣಿನ ಜನನಾಂಗದ ಹೊರಚರ್ಮಕ್ಕೆ ಬರುವ ದೀರ್ಘಕಾಲದ ರೋಗ ಇದು. ಗಂಡಸರಿಗೂ ಬರುವುದುಂಟು, ಆದರೆ ಹೆಂಗಸರಲ್ಲಿಯೇ ಹೆಚ್ಚು. ಅದರಲ್ಲೂ ಮುಟ್ಟು ನಿಂತ ಮೇಲೆ, ಇಲ್ಲವೆ ಮುಟ್ಟು ಶುರುವಾಗುವ ಮೊದಲು, ಈ ಎರಡು ವಯಸ್ಸಿನಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ನನಗೆ ಶುರುವಾದದ್ದು 2016ರ ಬೇಸಿಗೆಯಲ್ಲಿ. ಮುಟ್ಟು ನಿಂತು ವರ್ಷವಾಗಿತ್ತು. ಹಗಲು ಪಾಠದ ಗದ್ದಲದಲ್ಲಿ ಹೇಗೋ ಕಳೆಯುತ್ತಿತ್ತು, ರಾತ್ರಿ ಹಾಸಿಗೆಗೆ ಬಿದ್ದರೆ ಸಾಕು, ಕೆರೆತ. ನಿದ್ದೆಯಲ್ಲಿಯೇ ಕೆರೆದುಕೊಂಡು ಬೆಳಗ್ಗೆ ಉರಿ. ಮೂತ್ರಕ್ಕೆ ಕುಳಿತರೆ ಉಪ್ಪು ಸವರಿದಂತೆ. ತಡಮಾಡದೆ ವೈದ್ಯರ ಬಳಿ ಹೋದೆ. ಮೊದಲಿನವರು ಮೇಜಿನ ಆಚೆಯಿಂದಲೇ ಕೇಳಿ, ನಂಜು ಎಂದು ಗುಳಿಗೆ, ಮುಲಾಮು ಬರೆದರು. ಎರಡನೆಯವರು ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ತೆಗೆಸಿದರು. ಸಕ್ಕರೆ ಇರಲಿಲ್ಲ. ಮೂರನೆಯವರು 'ವಯಸ್ಸಾಯ್ತಲ್ಲ, ಒಣಗಿರತೈತಿ' ಎಂದು ಹೇಳಿ ಕಳಿಸಿದರು. ಮೂವರೂ ಓದಿದವರೇ, ಒಳ್ಳೆಯವರೇ. ಆದರೆ ಮೂವರಲ್ಲಿ ಒಬ್ಬರೂ ಆ ಜಾಗವನ್ನು ನೋಡಲಿಲ್ಲ. ಕಣ್ಣಿಗೆ ತಿಮಿರ ಬಂದರೆ ಕಣ್ಣು ನೋಡುತ್ತಾರೆ, ಹಲ್ಲು ನೋವೆಂದರೆ ಬಾಯಿ ತೆರೆಸುತ್ತಾರೆ. ಇಲ್ಲಿ ಮಾತ್ರ ನೋಡದೆಯೇ ಔಷಧಿ.

ಕೊನೆಗೆ ಒಂದು ಭಾನುವಾರ ಬಾಗಿಲು ಹಾಕಿಕೊಂಡು, ಕೈಗನ್ನಡಿ ಹಿಡಿದು ನಾನೇ ನೋಡಿಕೊಂಡೆ. ಐವತ್ತರ ಹತ್ತಿರ ಬಂದವಳು, ಇಬ್ಬರು ಮಕ್ಕಳನ್ನು ಹೆತ್ತವಳು, ಆ ಭಾಗವನ್ನು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಚರ್ಮ ಬೆಳ್ಳಗೆ, ತೆಳ್ಳಗೆ, ಸಣ್ಣ ನಿರಿಗೆ ಬಿದ್ದು, ಉಳ್ಳಾಗಡ್ಡಿಯ ಒಳಪೊರೆಯಂತೆ ಹೊಳೆಯುತ್ತಿತ್ತು. ಆ ಬಿಳುಪು ಹಿಂದೆ ಗುದದ್ವಾರದ ಸುತ್ತಲೂ ಹರಡಿತ್ತು. ನಡುವೆ ಕೂದಲೆಳೆಯಂಥ ಸೀಳು. ಅಲ್ಲಲ್ಲಿ ನೆತ್ತರು ಹೆಪ್ಪಾದ ಚುಕ್ಕೆ. ಒಂದು ಬದಿಯ ಒಳತುಟಿ ಸವೆದು ದೊಡ್ಡ ತುಟಿಯಲ್ಲಿ ಸೇರಿಹೋದಂತಿತ್ತು. ಇದು ಬರಿಯ ತುರಿಕೆಯಲ್ಲ, ಮೈಯ ಆಕಾರವೇ ಬದಲಾಗುತ್ತಿದೆ ಎಂದು ಗೊತ್ತಾದದ್ದು ಆಗ. ಕಂಡದ್ದನ್ನು ಕಂಡ ಹಾಗೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ನಾಲ್ಕನೆಯವರು ಚೀಟಿ ಓದಿ 'ತೊನ್ನು ಇರಬಹುದು' ಎಂದರು. ತೊನ್ನು ಎಂಬ ಮಾತು ನಮ್ಮ ಕಡೆ ಲಗ್ನ ಮುರಿಯುವ ಮಾತು. ಮನೆಯಲ್ಲಿ ಲಗ್ನಕ್ಕೆ ಬಂದ ಮಗಳಿದ್ದಳು. ಆ ರಾತ್ರಿ ಕೆರೆತಕ್ಕಿಂತ ಹೆಚ್ಚು ನಿದ್ದೆಗೆಡಿಸಿದ್ದು ಆ ಶಬ್ದ.

2019ರಲ್ಲಿ ಬಾಗಲಕೋಟೆಯ ಚರ್ಮವೈದ್ಯೆಯೊಬ್ಬರ ಬಳಿ ಹೋದೆ. ನನ್ನ ಶಿಷ್ಯೆಯಾಗಿರಬಹುದಾದ ವಯಸ್ಸಿನವರು. ಪರದೆ ಎಳೆದು, ದೀಪ ಹತ್ತಿರ ತಂದು, ಸಮಾಧಾನವಾಗಿ ನೋಡಿದರು. ನೋಡಿ ಮುಗಿಸಿ, ಕೈ ತೊಳೆದುಕೊಂಡು ಬಂದು ಹೇಳಿದರು: "ಬಾಯಾರ, ಇದಕ್ಕ ಹೆಸರೈತಿ. ಇದು ತೊನ್ನಲ್ಲ, ಹುಳಕಡ್ಡಿ ಅಲ್ಲ. ಯಾರಿಂದಲೂ ನಿಮಗ ಬಂದಿಲ್ಲ, ನಿಮ್ಮಿಂದ ಯಾರಿಗೂ ಹೋಗೂದಿಲ್ಲ. ಪೂರಾ ಬೇರು ಕೀಳಾಕ ಬರೂದಿಲ್ಲ, ಆದ್ರ ಹತೋಟಿಯೊಳಗ ಇಡಬಹುದು." ಸಂಶಯ ಉಳಿಯಬಾರದೆಂದು ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಕೆಲವು ದಿನಗಳಲ್ಲಿ ಅದೇ ಹೆಸರು ಕಾಗದದಲ್ಲಿ ಅಚ್ಚಾಗಿ ಬಂತು. ಮೂರು ವರ್ಷದ ಬೇನೆಗೆ ಹದಿನೈದು ನಿಮಿಷದ ನೋಟ ಬೇಕಾಗಿತ್ತು.

ಮನೆಗೆ ಬಂದ ಮೇಲೆ ಆ ಹೆಸರಿನ ಬೆನ್ನು ಹತ್ತಿದೆ. ಲೈಕೆನ್ ಎಂದರೆ ಬಂಡೆಗಳ ಮೇಲೆ ಬೂದಿಬಣ್ಣಕ್ಕೆ ಹಬ್ಬುವ ಕಲ್ಲುಹೂವು, ನಾವು ಮಸಾಲೆಗೆ ಹಾಕುವಂಥದ್ದೇ. ಚರ್ಮದ ಮೇಲೆ ಹಾಗೆ ಹಬ್ಬುವ ರೋಗಗಳಿಗೆ ಹಳೆಯ ಕಾಲದಿಂದ ಆ ಹೆಸರು. ಸ್ಕ್ಲೆರೋಸಸ್ ಎಂದರೆ ಗಟ್ಟಿಯಾಗುವುದು. 1885ರಲ್ಲಿ ಪ್ರಾಗ್ ನಗರದ ಬ್ರೈಸ್ಕಿ ಎಂಬ ಸ್ತ್ರೀರೋಗ ವೈದ್ಯ ಹೆಂಗಸರ ಈ ಭಾಗ ಒಣಗಿ ಮುದುಡುವುದನ್ನು ಗುರುತಿಸಿ 'ಕ್ರೌರೋಸಿಸ್' ಎಂದು ಕರೆದ. 1887ರಲ್ಲಿ ಪ್ಯಾರಿಸಿನ ಚರ್ಮವೈದ್ಯ ಹಾಲೊಪೊ ಇದನ್ನು ಲೈಕೆನ್ ಜಾತಿಯ ರೋಗವೆಂದು ವರ್ಣಿಸಿದ. 1892ರಲ್ಲಿ ದಾರಿಯೆ ಎಂಬುವನು ಸೂಕ್ಷ್ಮದರ್ಶಕದಲ್ಲಿ ನೋಡಿ ಚರ್ಮದ ಪದರಗಳಲ್ಲಿ ಆಗುವ ಬದಲಾವಣೆಯನ್ನು ಬರೆದಿಟ್ಟ. ಸ್ತ್ರೀರೋಗದವರು ಒಂದು ಹೆಸರಿನಿಂದ, ಚರ್ಮದವರು ಇನ್ನೊಂದು ಹೆಸರಿನಿಂದ ಒಂದೇ ಬೇನೆಯನ್ನು ಬಹುಕಾಲ ಬೇರೆ ಬೇರೆ ಎಂಬಂತೆ ನೋಡಿದರು.

ನಮ್ಮಲ್ಲಿಯೂ ಹೆಸರುಗಳ ಕೊರತೆ ಇರಲಿಲ್ಲ. ಚರಕಸಂಹಿತೆ ಹೆಣ್ಣಿನ ಈ ಅಂಗದ ಬೇನೆಗಳನ್ನು 20 ಎಂದು ಎಣಿಸಿದೆ. ಅವುಗಳಲ್ಲಿ ತುರಿಕೆಯ ಅಚರಣಾ ಇದೆ, ಒಣಗುವ ಶುಷ್ಕಾ ಇದೆ. ಇಂದಿನ ಈ ರೋಗವೇ ಅದು ಎಂದು ನಾನು ಹೇಳುತ್ತಿಲ್ಲ. ಹೆಣ್ಣಿನ ಗುಪ್ತಾಂಗದ ಬೇನೆಯನ್ನು ಎಣಿಸಿ, ಬಿಡಿಸಿ, ಹೆಸರಿಟ್ಟು ಹೇಳುವುದು ನಮ್ಮ ಸಂಪ್ರದಾಯಕ್ಕೆ ಹೊರತಾಗಿರಲಿಲ್ಲ ಎಂಬಷ್ಟೇ ನನ್ನ ಮಾತು.

ಬ್ರೈಸ್ಕಿ ತನ್ನ ಲೇಖನ ಬರೆದ 1885ನೆಯ ಇಸವಿಯಲ್ಲಿಯೇ ಭಾರತದಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಅವರ ಹೆಸರಿನ ನಿಧಿ ಶುರುವಾಯಿತು. ಗಂಡು ವೈದ್ಯರಿಗೆ ಮೈ ತೋರಿಸಲಾರದೆ ಸಾಯುವ ಹೆಂಗಸರಿಗಾಗಿ ಹೆಣ್ಣು ವೈದ್ಯರನ್ನು ತಯಾರು ಮಾಡುವುದು ಅದರ ಉದ್ದೇಶ. ಪನ್ನಾದ ಮಹಾರಾಣಿ ತನಗೆ ಚಿಕಿತ್ಸೆ ಕೊಟ್ಟ ಎಲಿಜಬೆತ್ ಬೀಲ್ಬಿ ಎಂಬ ಮಿಶನ್ ವೈದ್ಯೆಯ ಕೈಯಲ್ಲಿ ವಿಕ್ಟೋರಿಯಾ ರಾಣಿಗೆ ಹೇಳಿಕಳಿಸಿದ ಮಾತು ಅದರ ಹಿಂದಿನ ಪ್ರೇರಣೆ. 1886ರಲ್ಲಿ ಮುಂಬಯಿಯಲ್ಲಿ ಹೆಂಗಸರಿಗಾಗಿಯೇ ಕಾಮಾ ಆಸ್ಪತ್ರೆ ತೆರೆಯಿತು, ಎಡಿತ್ ಪೀಚಿ ಎಂಬ ವೈದ್ಯೆ ಅದರ ಹೊಣೆ ಹೊತ್ತಳು. ಅದೇ ವರ್ಷ ಆನಂದಿಬಾಯಿ ಜೋಶಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದಳು. ಆಗ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ಮುಂಬಯಿ ಪ್ರಾಂತದ ವಿಜಾಪುರ ಕಡೆಗೆ ಸೇರಿದ್ದವು. ಆದರೆ ಮುಂಬಯಿ ನಮಗೆ ದೂರ. ದೊಡ್ಡ ಬೇನೆ ಬಂದರೆ ನಮ್ಮವರು ಹೋಗುತ್ತಿದ್ದುದು ಮಿರಜಿಗೆ. ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಕಟ್ಟಿದ ಮಿಶನ್ ದವಾಖಾನೆಯ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಸದಾ ಇರುತ್ತಿತ್ತು. ಬಾಗಲಕೋಟೆ ಸ್ವತಂತ್ರ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 2002ರಲ್ಲಿ.

ಹೆಣ್ಣು ವೈದ್ಯರು ಬಂದರು, ಹೆರಿಗೆ ಆಸ್ಪತ್ರೆಗಳು ಬಂದವು, ಬಾಣಂತಿಯರ ಜೀವ ಉಳಿಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಹೆಣ್ಣಿನ ಮೈಯ ಕೆಳಭಾಗ ದವಾಖಾನೆಯ ಹೊಸ್ತಿಲು ದಾಟಿದ್ದು ಹೆರಿಗೆಯ ನೆಪದಿಂದ ಎಂಬುದನ್ನು ಮರೆಯಬಾರದು. ಹೆರುವ ತನಕ ನೋಡುವವರುಂಟು. ಹೆರಿಗೆ ಮುಗಿದು, ಮುಟ್ಟೂ ನಿಂತ ಮೇಲೆ ಆ ಭಾಗಕ್ಕೆ ಏನು ಕೆಲಸ ಎಂಬ ಭಾವ ಮನೆಯವರಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಈ ಬೇನೆ ಹೆಚ್ಚಾಗಿ ಬರುವುದು ಸರಿಯಾಗಿ ಆ ವಯಸ್ಸಿನಲ್ಲಿಯೇ.

ಇನ್ನೊಂದು ತೊಡಕು ಬೋರ್ಡಿನದು. ಚರ್ಮದ ವಿಭಾಗದ ಬಾಗಿಲ ಮೇಲೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ 'ಚರ್ಮ, ಲೈಂಗಿಕ ಮತ್ತು ಕುಷ್ಠರೋಗ ವಿಭಾಗ' ಎಂದು ಮೂರೂ ಕೂಡಿಯೇ ಬರೆದಿರುತ್ತದೆ. ಈ ವೈದ್ಯರ ಅಖಿಲ ಭಾರತ ಸಂಘವೂ 1973ರಿಂದ ಮೂರೂ ಹೆಸರು ಹೊತ್ತುಕೊಂಡೇ ಇದೆ. ವೈದ್ಯಶಾಸ್ತ್ರಕ್ಕೆ ಅದು ಸರಿ, ಮೂರೂ ಚರ್ಮದ ಮೇಲೆ ಕಾಣುವಂಥವು. ಆದರೆ ಆ ಬೋರ್ಡಿನ ಕೆಳಗೆ ಬೆಂಚಿನ ಮೇಲೆ ಕುಳಿತ ಟೀಚರಳನ್ನು ಊರಿನವರು ಯಾರಾದರೂ ನೋಡಿದರೆ? ಹಳೆಯ ವಿದ್ಯಾರ್ಥಿಯ ತಾಯಿಯೊಬ್ಬಳು ಎದುರಾಗಿ 'ಅಕ್ಕಾರ, ನೀವಿಲ್ಲಿ?' ಎಂದು ಕೇಳಿದಾಗ 'ಮೈ ತಿಂಡಿ ತಂಗಿ, ತೋರಿಸಾಕ ಬಂದೀನಿ' ಎಂದು ಇದ್ದುದನ್ನೇ ಹೇಳಿದೆ. ಅವಳು ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿ, 'ನನಗೂ ಅದಽ ರೀ, ಎರಡು ವರ್ಷಾತು' ಎಂದಳು.

ನಮ್ಮ ಊರಿನ ಇತಿಹಾಸದ ಒಂದು ಕಲ್ಲಿನ ಬಗ್ಗೆ ಇಲ್ಲಿ ಹೇಳಲೇಬೇಕು. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಚಾಲುಕ್ಯರ ಕಾಲದ ಲಜ್ಜಾಗೌರಿಯ ಮೂರ್ತಿ ಇದೆ. ತಲೆಯ ಜಾಗದಲ್ಲಿ ಅರಳಿದ ಕಮಲ. ಕಾಲುಗಳನ್ನು ಅಗಲಿಸಿ, ಹೆರಿಗೆಗೆ ಕುಳಿತಂತೆ, ಏನನ್ನೂ ಮುಚ್ಚದೆ ಕುಳಿತಿದ್ದಾಳೆ. ಸಹಲಿಗೆ ಕರೆದುಕೊಂಡು ಹೋದಾಗ ಗಂಡುಹುಡುಗರು ಕಿಸಕ್ಕೆಂದು ನಗುತ್ತಾರೆ, ಹೆಣ್ಣುಹುಡುಗಿಯರು ನೆಲ ನೋಡುತ್ತಾರೆ. 1960ರಲ್ಲಿ ಪ್ರಸಿದ್ಧ ಪುರಾತತ್ತ್ವಜ್ಞ ಎಚ್.ಡಿ. ಸಾಂಕಳಿಯಾ ಇಂಥ ಮೂರ್ತಿಗಳ ಬಗ್ಗೆ ಲೇಖನ ಬರೆದಾಗ ಅದರ ತಲೆಬರಹದಲ್ಲಿ 'ನಾಚಿಕೆಯಿಲ್ಲದ ಹೆಣ್ಣು' ಎಂಬರ್ಥದ ಮಾತಿತ್ತು. 1978ರಲ್ಲಿ ಮರಾಠಿಯ ರಾ.ಚಿಂ. ಢೇರೆ ಅವರು 'ಲಜ್ಜಾಗೌರಿ' ಎಂಬ ಗ್ರಂಥವನ್ನೇ ಬರೆದು ಅವಳನ್ನು ಭೂದೇವಿಯ, ತಾಯ್ತನದ ದೇವತೆಗಳ ಸಾಲಿನಲ್ಲಿ ಇಟ್ಟು ನೋಡಿದರು. ಐಹೊಳೆ–ಪಟ್ಟದಕಲ್ಲುಗಳ ನಡುವಿನ ಸಿದ್ದನಕೊಳ್ಳದಲ್ಲಿ ಅವಳು ಇಂದಿಗೂ ಪೂಜೆಗೊಳ್ಳುವ ದೇವಿ. ಮಕ್ಕಳಿಲ್ಲದ ಹೆಂಗಸರು ಅಲ್ಲಿಗೆ ಹೋಗಿ ಬೆಣ್ಣೆ ಹಚ್ಚಿ ಬೇಡಿಕೊಳ್ಳುತ್ತಾರೆ.

ಕಲ್ಲಿನಲ್ಲಿ ಕಡೆದು ಕೈಮುಗಿದ ಅಂಗವನ್ನು ನಾವು ವೈದ್ಯರ ಎದುರು ಹೆಸರಿಸಲಾರೆವು. ಅವಳನ್ನು ಪೂಜಿಸುವಾಗಲೂ ಕೇಳುವುದು ಮಗುವನ್ನೇ. ಅರುವತ್ತರ ಮುದುಕಿಯೊಬ್ಬಳು ಅವಳ ಮುಂದೆ ನಿಂತು 'ತಾಯಿ, ನನಗ ಅಲ್ಲಿ ಉರಿ' ಎಂದು ಬೇಡಿಕೊಂಡದ್ದನ್ನು ನಾನು ಕೇಳಿಲ್ಲ.

ನಮ್ಮತ್ತೆಯೂ ಬೇಡಿಕೊಳ್ಳಲಿಲ್ಲ. ಇಳಕಲ್ಲಿನ ಮನೆಯಲ್ಲಿ ಅವರು ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದರು. ಕುಳಿತಲ್ಲಿ ಕುಳಿತಿರಲಾರದೆ ಬದಿ ಬದಲಿಸುತ್ತಿದ್ದುದು, ರಾತ್ರಿ ಎದ್ದು ಬೇವಿನೆಲೆ ಕುದಿಸಿದ ನೀರಿನಲ್ಲಿ ತೊಳೆದುಕೊಳ್ಳುತ್ತಿದ್ದುದು, ಕೊಬ್ಬರಿ ಎಣ್ಣೆಯ ಬಟ್ಟಲನ್ನು ತಲೆದಿಂಬಿನ ಬಳಿ ಇಟ್ಟುಕೊಳ್ಳುತ್ತಿದ್ದುದು ನನಗೆ ನೆನಪಿದೆ. ಕೇಳಿದರೆ 'ಹೆಣ್ಣಿನ ಕರ್ಮ ಬಿಡವ್ವ' ಎನ್ನುತ್ತಿದ್ದರು. ಅವರಿಗೆ ಇದೇ ಬೇನೆ ಇತ್ತೆಂದು ಈಗ ಯಾರೂ ಸಾಧಿಸಲಾರರು, ಯಾರೂ ನೋಡಿರಲಿಲ್ಲ. ಇತಿಹಾಸದ ಪಾಠದಲ್ಲಿ ನಾವು ದಾಖಲೆ ಇಲ್ಲದ್ದನ್ನು ಹೇಳಬಾರದು ಎಂದು ಕಲಿಸುತ್ತೇವೆ. ಆದರೆ ದಾಖಲೆ ಏಕಿಲ್ಲ ಎಂದು ಕೇಳುವುದೂ ಇತಿಹಾಸವೇ.

ಯುರೋಪಿನ ಹೆಂಗಸರ ಪಾಡೂ ಬಹಳ ಸುಖದ್ದೇನಲ್ಲ. ಬಿಳಿ ಚರ್ಮ ಕಂಡರೆ ಕ್ಯಾನ್ಸರಿನ ಮುನ್ಸೂಚನೆ ಎಂದು ಹೆದರಿ, ಆ ಭಾಗವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಅಲ್ಲಿ ದಶಕಗಳ ಕಾಲ ಮಾಡಿದರು. ಕತ್ತರಿಸಿದ ಅಂಚಿನಲ್ಲಿ ರೋಗ ಮತ್ತೆ ಬರುತ್ತಿತ್ತು. ಅನಗತ್ಯವಾಗಿ ಹೀಗೆ ಕತ್ತರಿಸಬೇಡಿ ಎಂದು 1961ರಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ಲಿವರ್‌ಪೂಲಿನ ಪ್ರೊಫೆಸರ್ ಜೆಫ್‌ಕೋಟ್ ಒಬ್ಬರು. 1957ರಲ್ಲಿ ಮೊದಲು ಬಂದ ಅವರ ಸ್ತ್ರೀರೋಗ ಗ್ರಂಥವನ್ನು ನಮ್ಮ ದೇಶದ ವೈದ್ಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತ ಬಂದಿದ್ದಾರೆ. 1970ರಲ್ಲಿ ಈ ಅಂಗದ ಬೇನೆಗಳಿಗೆಂದೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿ, ಸ್ತ್ರೀರೋಗದವರೂ ಚರ್ಮದವರೂ ಒಂದೆಡೆ ಕುಳಿತರು. ಗೊಂದಲದ ಹಲವು ಹೆಸರುಗಳು ಹೋಗಿ ಒಂದು ಹೆಸರು ನಿಂತಿತು. ಮೊದಲು ಗಂಡು ಹಾರ್ಮೋನಿನ ಮುಲಾಮು ಹಚ್ಚುತ್ತಿದ್ದರು. 1990ರ ದಶಕದ ಪರೀಕ್ಷೆಗಳಲ್ಲಿ ಅದಕ್ಕಿಂತ ಕ್ಲೊಬೆಟಸಾಲ್ ಎಂಬ ಪ್ರಬಲ ಸ್ಟಿರಾಯ್ಡ್ ಮುಲಾಮೇ ಮೇಲೆಂದು ತಿಳಿಯಿತು. ಇಂದಿಗೂ ಮೊದಲ ಔಷಧಿ ಅದೇ.

ಸ್ಟಿರಾಯ್ಡ್ ಎಂದರೆ ಹೆದರುವವರು ನಮ್ಮಲ್ಲಿ ಬಹಳ, ಹೆದರದೆ ತಾವೇ ಕೊಂಡು ಹಚ್ಚುವವರೂ ಬಹಳ. ಎರಡೂ ತಪ್ಪು ದಾರಿ. ಹುಳಕಡ್ಡಿಗೆ ಇದನ್ನು ಹಚ್ಚಿದರೆ ಅದು ಇನ್ನೂ ಹಬ್ಬುತ್ತದೆ. ಈ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದ್ದು ಅದಕ್ಕಾಗಿಯೇ. ಆದರೆ ನೋಡಿ ಗುರುತಿಸಿದ ಈ ಬೇನೆಗೆ, ಹೇಳಿದಷ್ಟು ಪ್ರಮಾಣದಲ್ಲಿ, ಅದು ದೊಡ್ಡ ಆಸರೆ. ನನಗೆ ಮೊದಲ ತಿಂಗಳು ದಿನ ರಾತ್ರಿ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆ ಎರಡು ಸಲ ಹಚ್ಚಲು ಹೇಳಿದರು. ಜೊತೆಗೆ ಆ ಭಾಗಕ್ಕೆ ಸಾಬೂನು ಬೇಡ, ಬಿಸಿನೀರಿನ ಮೇಲೆ ಡೆಟಾಲು ಬೇಡ, ಒರಟು ಬಟ್ಟೆ ಬೇಡ ಎಂದರು. ಮೂರು ವಾರಕ್ಕೆ ರಾತ್ರಿಯ ನಿದ್ದೆ ಮರಳಿ ಬಂತು. ಸವೆದುಹೋದ ತುಟಿ ಮಾತ್ರ ಮರಳಿ ಬರುವುದಿಲ್ಲ. ಬೇಗ ಗುರುತಿಸಬೇಕೆನ್ನುವುದು ಅದಕ್ಕೇ. ಬಿಟ್ಟರೆ ಒಳತುಟಿಗಳು ಅಂಟಿಕೊಳ್ಳುತ್ತವೆ, ದ್ವಾರ ಕಿರಿದಾಗುತ್ತದೆ, ದಾಂಪತ್ಯ ನೋವಾಗುತ್ತದೆ, ಮೂತ್ರಕ್ಕೂ ತೊಂದರೆಯಾಗುತ್ತದೆ.

ಕ್ಯಾನ್ಸರಿನ ಭಯವನ್ನು ಮುಚ್ಚಿಡುವುದು ಬೇಡ, ದೊಡ್ಡದು ಮಾಡುವುದೂ ಬೇಡ. ನೂರರಲ್ಲಿ ಕೆಲವರಿಗೆ ಮಾತ್ರ ಆ ಅಪಾಯ. 2015ರಲ್ಲಿ ಆಸ್ಟ್ರೇಲಿಯದ ವೈದ್ಯರು ಈ ಬೇನೆಯ 507 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ವರದಿ ಪ್ರಕಟಿಸಿದರು. ತಪ್ಪದೆ ಔಷಧಿ ಮುಂದುವರಿಸಿದ 357 ಮಂದಿಯಲ್ಲಿ ಒಬ್ಬರಿಗೂ ಅಲ್ಲಿ ಕ್ಯಾನ್ಸರಾಗಲಿ ಅದರ ಮುಂಚಿನ ಹಂತವಾಗಲಿ ಕಾಣಲಿಲ್ಲ. ಅರೆಬರೆ ಹಚ್ಚಿದ 150 ಮಂದಿಯಲ್ಲಿ ಏಳು ಜನರಿಗೆ ಕಂಡಿತು. ಈ ಎರಡು ಅಂಕಿಗಳನ್ನು ನಾನು ನನ್ನ ಕಪಾಟಿನ ಬಾಗಿಲ ಒಳಬದಿಗೆ ಬರೆದು ಅಂಟಿಸಿದ್ದೇನೆ. ತುರಿಕೆ ಇಲ್ಲವೆಂದು ಮುಲಾಮು ಬಿಡಬೇಕೆನಿಸಿದಾಗ ಅವು ಕಣ್ಣಿಗೆ ಬೀಳುತ್ತವೆ. ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ತೋರಿಸುತ್ತೇನೆ. ಮೈಯ ರಕ್ಷಣಾ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವ ರೋಗಗಳ ಜಾತಿಗೆ ಇದನ್ನು ಸೇರಿಸುತ್ತಾರೆ. ಥೈರಾಯ್ಡ್ ತೊಂದರೆ ಜೊತೆಗಿರುವುದುಂಟೆಂದು ಅದನ್ನೂ ಪರೀಕ್ಷಿಸಿದರು.

ನಮ್ಮ ತಲೆಮಾರಿನ ಓದುವ ಹೆಣ್ಣುಮಕ್ಕಳಿಗೆ ಮೈಯ ವಿಷಯಕ್ಕೆ ಕನ್ನಡದಲ್ಲಿ ಮಾತು ಕೊಟ್ಟವರು ಡಾ. ಅನುಪಮಾ ನಿರಂಜನ. ಅವರ 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ತಾಯಿ–ಮಗು' ಪುಸ್ತಕಗಳು ಮದುವೆಯ ಉಡುಗೊರೆಯಾಗಿ ಮನೆಮನೆಗೆ ಬಂದವು. ಬಾದಾಮಿಯ ನಮ್ಮ ಮನೆಯಲ್ಲಿ ಅಕ್ಕನ ಟ್ರಂಕಿನಲ್ಲಿ ಸೀರೆಯ ಕೆಳಗೆ ಒಂದಿತ್ತು. 1991ರಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ತಮ್ಮ ಬೇನೆಯನ್ನೂ ಮುಚ್ಚಿಡದೆ ಬರೆದು ಹೋದರು. ವಧುವಿಗೆ, ತಾಯಿಗೆ ಪುಸ್ತಕ ಕೊಡುವ ರೂಢಿ ನಮ್ಮಲ್ಲಿ ಹಾಗೆ ಬಂತು. ಐವತ್ತು ದಾಟಿದವಳ ಕೈಗೆ ಅಂಥದೊಂದು ಪುಸ್ತಕ ಕೊಡುವ ರೂಢಿ ಇನ್ನು ಬರಬೇಕು.

ಇಳಕಲ್ಲಿನ ಮಹಾಂತ ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾಗುವ ತನಕ ಜೋಳಿಗೆ ಹಿಡಿದು ಊರೂರು ತಿರುಗಿ, ಕಾಣಿಕೆ ಬೇಡ, ನಿಮ್ಮ ದುಶ್ಚಟಗಳನ್ನು ಹಾಕಿ ಎಂದು ಬೇಡುತ್ತಿದ್ದರು. ಗಂಡಸರು ಸೆರೆ, ಗುಟಕಾಗಳನ್ನು ಅದರಲ್ಲಿ ಹಾಕಿದರು. ನಮ್ಮ ಹೆಂಗಸರ ಪಾಲಿನ ಚಟವೆಂದರೆ ಸಹಿಸಿಕೊಳ್ಳುವುದು. ಅದನ್ನೂ ಆ ಜೋಳಿಗೆಗೆ ಹಾಕಬಹುದಿತ್ತು ಎಂದು ಅನಿಸುತ್ತದೆ.

ಓದುಗ ಸೋದರಿಯರೇ, ವೈದ್ಯರ ಎದುರು ಬಾಯಿ ಕಟ್ಟುವುದಾದರೆ ನನ್ನ ಹಾಗೆ ಚೀಟಿ ಬರೆದುಕೊಂಡು ಹೋಗಿ. ಎಷ್ಟು ತಿಂಗಳಿಂದ, ರಾತ್ರಿ ಹೆಚ್ಚೋ ಹಗಲೋ, ಬಿಳುಪು ಇದೆಯೋ, ಸೀಳು ಇದೆಯೋ, ಯಾವ ಮುಲಾಮು ಹಚ್ಚಿ ಏನಾಯಿತು, ಇಷ್ಟು ಸಾಕು. 'ಒಮ್ಮೆ ನೋಡಿ ಹೇಳ್ರಿ' ಎಂದು ಕೇಳುವ ಹಕ್ಕು ನಮಗಿದೆ. ಹೆಣ್ಣು ಸಿಬ್ಬಂದಿ ಪಕ್ಕದಲ್ಲಿರಲಿ ಎಂದೂ ಕೇಳಬಹುದು. ಔಷಧಿಯಿಂದ ಮಾಯದ ಹುಣ್ಣು, ಗಂಟು, ದಪ್ಪವಾದ ಚರ್ಮ ಕಂಡರೆ ದಿನ ಎಣಿಸದೆ ಹೋಗಿ. ಮನೆಯಲ್ಲಿ ಎಂಟು ಹತ್ತು ವರ್ಷದ ಹುಡುಗಿ ಪದೇ ಪದೇ ಅಲ್ಲಿ ಕೆರೆದುಕೊಳ್ಳುತ್ತಿದ್ದರೆ, ಸಂಡಾಸಿಗೆ ಹೋಗಲು ನೋವೆಂದು ಅಳುತ್ತಿದ್ದರೆ, 'ಕೈ ತಗಿ, ನಾಚಿಕಿ ಇಲ್ಲೇನು' ಎಂದು ಗದರಿಸಬೇಡಿ. ಮಕ್ಕಳಿಗೂ ಈ ಬೇನೆ ಬರುತ್ತದೆ.

ಕಳೆದ ವರ್ಷ ನನ್ನ ಮಗಳ ಲಗ್ನವಾಯಿತು. ಹೋಗುವ ಮೊದಲು ಅವಳ ಬ್ಯಾಗಿನಲ್ಲಿ ಇಳಕಲ್ ಸೀರೆಯ ಜೊತೆಗೆ ಒಂದು ಕೈಗನ್ನಡಿಯನ್ನೂ ಇಟ್ಟೆ. ಅವಳು 'ಇದ್ಯಾಕಽ ಅವ್ವ, ಅಲ್ಲಿ ಕನ್ನಡಿ ಇಲ್ಲೇನು?' ಎಂದಳು. ಯಾಕೆಂದು ಕೂಡಿಸಿಕೊಂಡು ಹೇಳಿದೆ.